ಅಜ್ಜೀನ ಎಳೀಬೇಡಿ, ತಾತನ್ನ ಇಳಿಸಿ

ಈ ಸಲ ಮಾವಿನಕಾಯಿ ತೊಕ್ಕಿನ ವಿಷಯ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ. ಹೊಟ್ಟೇಲಿ ಒಂದು ವರ್ಷದಿಂದ ಇಟ್ಟುಕೊಂಡಿರೋ ಸಿಟ್ಟು ಮೊದಲು ಹೊರಗೆ ಬರಲಿ. ಸಿಟ್ಟು ಯಾರ ಮೇಲೆ ಅಂತೀರಾ? ಒಂದು ಮಾತಿನ ಮೇಲೆ. "ಎಲ್ಲಾ ಫೋಟೋನೂ ಒಂದೇ ಸೈಜ್ ಮಾಡಿಬಿಡಿ" ಅನ್ನೋ ಮಾತಿನ ಮೇಲೆ. ಅಂಗಡಿಯೋರು ಆಡ್ತಾರೆ, ನಾವೂ ಆಡ್ತೀವಿ. ನಮ್ಮನೇಲಿ ಆ ಮಾತು ಆಡಿದೋಳು ನಾನೇ. ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನಗೂ ಇರಲಿ.

ಆದದ್ದು ಇಷ್ಟು. ಹಳೇ ಮನೆ ಬಿಟ್ಟು ಉಪನಗರದ ಈ ಮನೆಗೆ ಬಂದಾಗ ಗೋಡೆಗೆ ಆರು ಮೊಳೆ ಹೊಡೆಯೋದು ಬೇಡ ಅಂದ್ರು ನಮ್ಮನೆಯವರು. ಹಿರಿಯರ ಫೋಟೋ ಆರು ಇವೆ, ಆರನ್ನೂ ಒಂದೇ ಫ್ರೇಮಿಗೆ ಹಾಕಿಸೋಣ ಅಂತ ತೀರ್ಮಾನ ಆಯ್ತು. ಮಹಾಲಯ ಅಮಾವಾಸ್ಯೆ ಹತ್ತಿರ ಬರ್ತಿತ್ತು. ಆರು ಫೋಟೋನೂ ಮೊಬೈಲಲ್ಲಿ ಹೊಡೆದು, ವಾಟ್ಸಾಪಲ್ಲಿ ಅಂಗಡಿಗೆ ಕಳಿಸಿ, "ಎಲ್ಲಾ ಒಂದೇ ಸೈಜ್ ಇರಲಿ ಕಣಪ್ಪಾ, ಒಬ್ಬರು ದೊಡ್ಡದು ಒಬ್ಬರು ಚಿಕ್ಕದು ಬೇಡ" ಅಂತ ನಾನೇ ಹೇಳಿದೆ. ಯಾವ ಅಂಗಡಿ ಅಂತ ಕೇಳಬೇಡಿ, ಎಲ್ಲಾ ಕಡೆ ಹೀಗೇನೇ.

ಸಂಜೆ ಹೊತ್ತಿಗೆ ನೋಡೋಕೆ ಒಂದು ಚಿತ್ರ ಕಳಿಸಿದ್ರು. ಒಲೆ ಮೇಲೆ ಒಗ್ಗರಣೆ ಇತ್ತು. ಹೆಬ್ಬೆರಳಿನ ಗುರುತು ಒತ್ತಿ ಓಕೆ ಅಂದುಬಿಟ್ಟೆ. ಹನ್ನೆರಡು ಹದಿನೆಂಟು ಇಂಚಿನ ಫ್ರೇಮು ಬಂತು. ಮೂರು ಮೇಲೆ, ಮೂರು ಕೆಳಗೆ, ಆರು ಚೌಕ. ಗೆರೆ ಎಳೆದಂಗೆ ಎಲ್ಲಾ ಸಮ.

ಅಮಾವಾಸ್ಯೆ ದಿನ ಎಡೆ ಎಲ್ಲಾ ರೆಡಿ. ಕಜ್ಜಾಯ, ವಡೆ, ಅಜ್ಜಿಗೆ ಅಂತ ಎಲೆ ಅಡಿಕೆ, ತಾತನಿಗೆ ಅಂತ ಬೀಡಿಕಟ್ಟು, ಹೊಸ ಸೀರೆ, ಪಂಚೆ. ಅತ್ತೆ ಕನ್ನಡಕ ಹಾಕ್ಕೊಂಡು ಫ್ರೇಮಿನ ಮುಂದೆ ಕೂತರು. ತುಂಬಾ ಹೊತ್ತು ನೋಡಿದ್ರು.

"ಇದ್ಯಾರಮ್ಮ?"

"ಅಜ್ಜಿ, ಅತ್ತೆ."

"ನಮ್ಮತ್ತೇದು ಕೋಲುಮುಖ ಕಣಮ್ಮ. ಇವಳ್ಯಾವಳೋ ದುಂಡುಮುಖದೋಳು. ಯಾವಳ ಮುಂದೇನೋ ಎಲೆ ಹಾಕಿದ್ರೆ ಅದು ನಮ್ಮತ್ತೆಗೆ ಹೋಗುತ್ತಾ?"

ನನಗೆ ಬಾಯಿ ಕಟ್ಟಿಹೋಯ್ತು. ಅತ್ತೆ ಎದ್ದು ಹೋಗಿ ಟ್ರಂಕಿಂದ ಹಳೇ ಮದುವೆ ಗ್ರೂಪ್ ಫೋಟೋ ತಂದು ಫ್ರೇಮಿನ ಪಕ್ಕ ಒರಗಿಸಿದ್ರು. ಮೂವತ್ತು ಜನ ಇರೋ ಫೋಟೋ. ಎರಡನೇ ಸಾಲಿನ ಕೊನೇಲಿ ಅಜ್ಜಿ. ಒಂದು ಎಡೆ, ಮೂವತ್ತು ಜನ. ನಗೋ ಹಾಗೂ ಇಲ್ಲ, ಅಳೋ ಹಾಗೂ ಇಲ್ಲ.

ಆವತ್ತು ರಾತ್ರಿ ಫ್ರೇಮ್ ಕೆಳಗಿಳಿಸಿ ಒಬ್ಬೊಬ್ಬರನ್ನೇ ನೋಡಿದೆ. ಏನಾಗಿದೆ ಅಂತ ಆಮೇಲೆ ಗೊತ್ತಾಯ್ತು. ಆರು ಫೋಟೋಗೂ ಆರು ಆಕಾರ. ಮುತ್ತಾತಂದು ಪೇಟ ಕಟ್ಟಿ ಕುರ್ಚಿ ಪಕ್ಕ ನಿಂತ ಉದ್ದನೇ ಫೋಟೋ, ಅಗಲ ಎರಡು ಪಾಲಾದ್ರೆ ಎತ್ತರ ಮೂರು. ತಾತಂದು ಸ್ಟುಡಿಯೋದಲ್ಲಿ ತೆಗೆಸಿದ್ದು, ದೊಡ್ಡದು, ಕೈಯಲ್ಲಿ ಬಣ್ಣ ಹಾಕಿದ್ದು. ಅಜ್ಜೀದು ಗ್ರೂಪ್ ಫೋಟೋದಿಂದ ಕತ್ತರಿಸಿದ ಪಟ್ಟಿ. ದೊಡ್ಡಮಾವ ನಮ್ಮ ಯಲಹಂಕದ ಗಾಲಿ ಫ್ಯಾಕ್ಟರೀಲಿ ಇದ್ದೋರು. ಈಗ ರೈಲ್ ವ್ಹೀಲ್ ಫ್ಯಾಕ್ಟರಿ ಅಂತಾರಲ್ಲ, 1984ರಲ್ಲಿ ಶುರುವಾದಾಗ ಅದು ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್. ಅವರದ್ದು 35 ಮಿಲಿಮೀಟರ್ ಅಗಲ 45 ಎತ್ತರದ ಪಾಸ್‌ಪೋರ್ಟ್ ಸೈಜು. ಚಿಕ್ಕತ್ತೇದು ಹಳೇ ಅಗ್ಫಾ ಕ್ಲಿಕ್ ಕ್ಯಾಮರಾದ್ದು, ಅದರ ಫಿಲ್ಮೇ ಚೌಕ, ಫೋಟೋನೂ ಚೌಕ. ನಮ್ಮ ಮಾವಂದು ಮೊಬೈಲಲ್ಲಿ ಅಡ್ಡ ಹೊಡೆದಿದ್ದು, ನಾಲ್ಕಕ್ಕೆ ಮೂರು.

ಈ ಆರನ್ನೂ ಒಂದೇ ಚೌಕಕ್ಕೆ ಎಳೆದು ತುಂಬಿದ್ರೆ ಏನಾಗುತ್ತೆ? ಲೆಕ್ಕ ಹಾಕಿ. ಮುತ್ತಾತ ಒಂದೂವರೆ ಪಟ್ಟು ಅಗಲ ಆದ್ರು, ಸೋರೆಬುರುಡೆ ಥರ. ಮೂರಕ್ಕೆ ನಾಲ್ಕಿದ್ದ ಅಜ್ಜಿ ಪಟ್ಟಿ ಮೂರನೇ ಒಂದು ಪಾಲು ಅಗಲ ಜಾಸ್ತಿ ಆಯ್ತು, ಕೋಲುಮುಖ ದುಂಡಾಯ್ತು. ದೊಡ್ಡಮಾವ ನೂರಕ್ಕೆ 29ರಷ್ಟು ದಪ್ಪ ಆದ್ರು. ನಮ್ಮ ಮಾವ ಉಲ್ಟಾ. ಅಡ್ಡ ಫೋಟೋ ಒತ್ತಿ ಚೌಕ ಮಾಡಿದ್ದಕ್ಕೆ ಮುಖ ಮುಕ್ಕಾಲಾಗಿ, ಕೆನ್ನೆ ಒಳಗೆ ಹೋಗಿ, ಆಸ್ಪತ್ರೆ ಮಂಚದಲ್ಲಿದ್ದ ಕೊನೇ ತಿಂಗಳ ಮುಖ ಬಂದುಬಿಟ್ಟಿತ್ತು. ಆ ಫೋಟೋ ತೆಗೆದಾಗ ಅವರು ಚೆನ್ನಾಗಿ ಊಟ ಮಾಡಿಕೊಂಡು, ಮದುವೆ ಮನೇಲಿ ಓಡಾಡಿಕೊಂಡಿದ್ರು. ನಾವು ಮರೀಬೇಕು ಅಂತಿದ್ದ ಮುಖಾನೇ ಗೋಡೆಗೆ ತಂದ್ವಿ. ಆರು ಜನದಲ್ಲಿ ತಾನು ತಾನಾಗೇ ಉಳಿದಿದ್ದು ಚಿಕ್ಕತ್ತೆ ಒಬ್ಬಳೇ. ಅವಳ ಫೋಟೋ ಹುಟ್ಟಿನಿಂದಲೇ ಚೌಕ ಇತ್ತು, ಅದಕ್ಕೆ ಬಚಾವಾದಳು.

ಮಾರನೇ ವಾರ ಅಂಗಡಿಗೆ ಹೋದೆ. ಜಗಳಕ್ಕೆ ಅಂತಾನೇ ಹೋದೆ. ಹುಡುಗ ಪಾಪ ಒಳ್ಳೇವನು. "ಆಂಟಿ, ನೀವೇ ಒಂದೇ ಸೈಜ್ ಅಂದ್ರಲ್ಲ" ಅಂದ. ಸರಿ, ಹೇಗೆ ಮಾಡಿದೆ ತೋರಿಸಪ್ಪಾ ಅಂತ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತೆ.

ಫೋಟೋಶಾಪಲ್ಲಿ ಪ್ರತಿ ಫೋಟೋನೂ ಒಂದು ಲೇಯರ್. ಲೇಯರ್ ಅಂದ್ರೆ ಹೆದರಬೇಡಿ. ಪ್ಲಾಸ್ಟಿಕ್ ಹಾಳೆ ಮೇಲೆ ಪ್ಲಾಸ್ಟಿಕ್ ಹಾಳೆ ಜೋಡಿಸಿದ ಹಾಗೆ. ಒಂದೊಂದು ಹಾಳೆಗೆ ಒಬ್ಬೊಬ್ಬರು ಅಂಟಿಕೊಂಡಿದಾರೆ. ಆರೂ ಹಾಳೆ ಒಟ್ಟಿಗೆ ಹಿಡಿದು ಎಳೆದ್ರೆ ಆರೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗ್ತವೆ, ಸಮ ಆಗಲ್ಲ. ಮೂಟೆ ಕಟ್ಟಿ ಎತ್ತಿದ್ರೆ ಒಳಗಿರೋ ಕುಂಬಳಕಾಯಿ ನಿಂಬೆಹಣ್ಣು ಒಂದೇ ಗಾತ್ರ ಆಗ್ತವಾ? ಹಾಗೆ. ಅದಕ್ಕೆ ಒಂದೊಂದನ್ನೇ ಹಿಡೀಬೇಕು. ಅಗಲದ ಮನೆಗೆ ಒಂದು ಅಂಕಿ, ಎತ್ತರದ ಮನೆಗೆ ಒಂದು ಅಂಕಿ. ಎರಡರ ಮಧ್ಯೆ ಒಂದು ಪುಟ್ಟ ಸರಪಳಿ ಚಿತ್ರ ಇರುತ್ತೆ. ಸರಪಳಿ ಹಾಕಿದ್ರೆ ಅಗಲ ಬದಲಾದ ಹಾಗೆ ಎತ್ತರಾನೂ ತಾನೇ ಬದಲಾಗುತ್ತೆ, ಮುಖ ಕೆಡಲ್ಲ. ಸರಪಳಿ ಬಿಚ್ಚಿದ್ರೆ ಎರಡೂ ಬೇರೆ ಬೇರೆ, ರಬ್ಬರ್ ಎಳೆದ ಹಾಗೆ. ನಮ್ಮ ಹುಡುಗ ಸರಪಳಿ ಬಿಚ್ಚಿ ಆರು ಸಲ ಒಂದೇ ಅಂಕಿ ಒತ್ತಿದಾನೆ. ಆರು ಸಲ ಟಕ್ ಟಕ್. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ನಾಲ್ಕು ತಲೆಮಾರು ಹಾಳು.

ಇನ್ನೊಂದು ವಿಷಯಾನೂ ಗೊತ್ತಾಯ್ತು. ಮೊದಲೆಲ್ಲಾ ಫೋಟೋಶಾಪಲ್ಲಿ ಮೂಲೆ ಹಿಡಿದು ಎಳೆಯುವಾಗ ಆಕಾರ ಕೆಡಬಾರದು ಅಂದ್ರೆ ಶಿಫ್ಟ್ ಒತ್ತಿ ಹಿಡೀಬೇಕಿತ್ತು. ಎಲ್ಲಾ ಸ್ಟುಡಿಯೋದೋರ ಕೈಗೂ ಅದು ರೂಢಿ. 2018ರ ಅಕ್ಟೋಬರಲ್ಲಿ ಬಂದ ಹೊಸ ಫೋಟೋಶಾಪಲ್ಲಿ ಅದನ್ನ ತಿರುಗಾಮುರುಗಾ ಮಾಡಿದ್ರು. ಈಗ ಸುಮ್ಮನೆ ಎಳೆದ್ರೆ ಆಕಾರ ಉಳಿಯುತ್ತೆ, ಶಿಫ್ಟ್ ಒತ್ತಿದ್ರೇನೇ ಕೆಡುತ್ತೆ! ಹತ್ತು ಹದಿನೈದು ವರ್ಷ ಮುಖ ಉಳಿಸೋಕೆ ಅಂತ ಕಲಿತ ಬೆರಳು ಈಗ ಮುಖ ಕೆಡಿಸೋ ಬೆರಳಾಯ್ತು. ಹಳೇ ರೀತಿ ಬೇಕು ಅನ್ನೋರಿಗೆ ಸೆಟ್ಟಿಂಗಲ್ಲಿ ಒಂದು ಗುರುತು ಹಾಕ್ಕೊಳೋಕೆ ಜಾಗ ಇಟ್ಟಿದಾರೆ. ಆದ್ರೆ ಅಲ್ಲಿಗೆ ಹೋಗಿ ನೋಡೋರು ಯಾರು? ಹಾಗಂತ ಇದನ್ನ ನೆಪ ಅಂತ ಒಪ್ಪಲ್ಲ ನಾನು. ಬೆರಳು ತಪ್ಪಿದ್ರೆ ಕಣ್ಣು ಇತ್ತಲ್ಲ? ಮೂಗು ಸೊಟ್ಟ ಆಗಿದ್ದು ಕಾಣಲಿಲ್ವಾ?

"ಯಾರೂ ಅಷ್ಟು ನೋಡಲ್ಲ ಆಂಟಿ" ಅಂದ ಹುಡುಗ. ನನ್ನ ಜಗಳ ಇರೋದು ಇಲ್ಲೇ. ಹೊರಗಿನೋರು ನೋಡಲ್ಲ, ನಿಜ. ಆ ಫೋಟೋ ನೋಡೋಕೆ ಅಂತ ಇರೋರು ಅವರನ್ನ ಕಂಡಿದ್ದೋರು. ಬೆಳಗ್ಗೆ ಕಾಫಿ ಕೊಟ್ಟೋರು, ತಲೆ ಬಾಚಿದೋರು, ಕೊನೇಲಿ ಬಾಯಿಗೆ ನೀರು ಬಿಟ್ಟೋರು. ನಮ್ಮತ್ತೆ ಇಪ್ಪತ್ತು ವರ್ಷ ಆ ಮುಖದ ಎದುರಿಗೆ ಕೂತು ರಾಗಿ ಕೇರಿದೋರು. ಅವರಿಗೆ ಒಂದು ಕೂದಲೆಳೆ ಅಗಲ ಜಾಸ್ತಿ ಆದ್ರೂ ಗೊತ್ತಾಗುತ್ತೆ. ಅವರು ಹೋದ ಮೇಲೆ ಈ ಫೋಟೋ ನೋಡೋ ನನ್ನ ಮಗಳಿಗೆ ಗೊತ್ತಾಗಲ್ಲ. ದುಂಡುಮುಖದೋಳೇ ಅವಳ ಮುತ್ತಜ್ಜಿ ಆಗಿಬಿಡ್ತಾಳೆ. ಇನ್ನೊಂದು ಇಪ್ಪತ್ತು ವರ್ಷಕ್ಕೆ ಕೋಲುಮುಖದ ಅಜ್ಜಿ ಭೂಮಿ ಮೇಲೆ ಎಲ್ಲೂ ಇರಲ್ಲ. ಸತ್ತೋರು ಎರಡನೇ ಸಲ ಸಾಯೋದು ಅಂದ್ರೆ ಇದೇ ಅಲ್ವಾ?

ನನ್ನ ನಾದಿನಿ ಇದಕ್ಕೆ ಒಂದು ಮಾತು ಹೇಳಿದಳು. ಅದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. "ಅತ್ತಿಗೆ, ಹಾಗಂತ ಇದ್ದ ಹಾಗೇ ಹಾಕಿದ್ರೆ ತಾತ ಗೋಡೆ ತುಂಬಾ ಇರ್ತಾನೆ, ಅಜ್ಜಿ ಕಡಲೇಕಾಳಷ್ಟು ಇರ್ತಾಳೆ. ಬದುಕಿದ್ದಾಗಲೂ ಅವಳು ಮೂಲೇಲೇ ಇದ್ದಳು. ಸತ್ತ ಮೇಲಾದ್ರೂ ಒಂದೇ ಸೈಜ್ ಬೇಡ್ವಾ?"

ನಿಮ್ಮನೇಲೂ ಒಂದು ಸಲ ನೋಡಿ. ಗಂಡಸರ ಫೋಟೋ ಎಲ್ಲಾ ಒಬ್ಬೊಬ್ಬರೇ, ನೇರ ಕೂತು, ಸ್ಟುಡಿಯೋದಲ್ಲಿ. ಬೆಂಗಳೂರಲ್ಲಿ 1910ರಿಂದ ಜಿ.ಕೆ. ವೇಲ್ ಥರದ ಸ್ಟುಡಿಯೋ ಇತ್ತು, ಪೇಟೆಗೆ ಹೋದ ಗಂಡಸು ತೆಗೆಸಿಕೊಂಡು ಬರ್ತಿದ್ದ. ಹೆಂಗಸರದ್ದು? ಯಾರದೋ ಮದುವೆ ಗ್ರೂಪಲ್ಲಿ ಎರಡನೇ ಸಾಲು, ಯಾರದೋ ಮಗು ಎತ್ತಿಕೊಂಡು, ಅರ್ಧ ಮುಖ ಸೆರಗಲ್ಲಿ. ಇಲ್ಲಾಂದ್ರೆ ವೋಟರ್ ಕಾರ್ಡಿಂದು, ಬೆಚ್ಚಿಬಿದ್ದ ಮುಖದ್ದು. ಫ್ರೇಮ್ ಮಾಡೋಕೆ ಹೋದಾಗಲೇ ಗೊತ್ತಾಗೋದು, ಯಾರಿಗೆ ಎಷ್ಟು ಜಾಗ ಕೊಟ್ಟಿದ್ವಿ ಅಂತ.

ರಸ್ತೇಲಿ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿಲ್ವಾ? ಲೀಡರ್ ಮುಖ ಬಾಗಿಲಷ್ಟು, ಅವರ ಕೈಕೆಳಗಿನೋರದ್ದು ತಟ್ಟೆಯಷ್ಟು, ದುಡ್ಡು ಹಾಕಿದ ಹುಡುಗರದ್ದು ಬಿಲ್ಲೆಯಷ್ಟು. ಮುಖದ ಸೈಜೇ ಅಂತಸ್ತಿನ ಸೈಜು. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಪಾಲಿಕೆಯೋರು ಊರೆಲ್ಲಾ ಫ್ಲೆಕ್ಸ್ ಕಿತ್ತಿಸಿದ್ರು. ಆದ್ರೆ ಮನೆಯೊಳಗಿನ ಫ್ಲೆಕ್ಸ್ ಕೀಳೋಕೆ ಯಾವ ಕೋರ್ಟೂ ಬರಲ್ಲ. ಹಾಗಾಗಿ ನಾದಿನಿ ಮಾತು ಸರಿ. ಹಿರಿಯರ ಫ್ರೇಮಲ್ಲಿ ಎಲ್ಲರೂ ಸಮ ಇರಬೇಕು. ನನ್ನ ಪ್ರಶ್ನೆ ಒಂದೇ. ಏನು ಸಮ ಇರಬೇಕು? ಡಬ್ಬವಾ, ಮುಖವಾ?

ನಮ್ಮೂರ ಫ್ಯಾಕ್ಟರೀಲಿ ಗಾಲಿ ಮಾಡ್ತಾರೆ. ಒಂದು ಅಚ್ಚಿನ ಎರಡು ಗಾಲಿ ಒಂದೇ ಅಳತೆ ಇಲ್ಲಾಂದ್ರೆ ರೈಲಿನ ಗತಿ ಏನು? ಅಲ್ಲಿ ಅದು ಸರಿ. ಮನುಷ್ಯರು ಗಾಲಿ ಅಲ್ಲ. ದರ್ಜಿ ಹತ್ತಿರ ಹೋದಾಗ ಅವನು ಮೈಗೆ ತಕ್ಕ ಹಾಗೆ ರವಿಕೆ ಕತ್ತರಿಸ್ತಾನೋ, ರವಿಕೆಗೆ ತಕ್ಕ ಹಾಗೆ ನಮ್ಮನ್ನ ಎಳೀತಾನೋ?

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗಿಬಂದಿರೋರು ಈ ಬೀದೀಲೇ ಎಷ್ಟೋ ಜನ ಇದೀರಿ. ವೀಸಾ ಫೋಟೋ ನೆನಪಿದೆಯಾ? ಎರಡು ಇಂಚು ಅಗಲ ಎರಡು ಇಂಚು ಎತ್ತರ. ಅಷ್ಟಕ್ಕೇ ಬಿಡಲ್ಲ ಅವರು. ಆ ಚೌಕದೊಳಗೆ ಗಲ್ಲದಿಂದ ನೆತ್ತಿವರೆಗೆ 25ರಿಂದ 35 ಮಿಲಿಮೀಟರ್ ಇರಬೇಕು ಅಂತ ಬೇರೆ ನಿಯಮ. ಕಾಗದ ಸಮ ಆದ್ರೆ ಸಾಲದು, ಮುಖ ಅಳತೆಗೆ ಬರಬೇಕು ಅಂತ ಆ ಸರ್ಕಾರಕ್ಕೆ ಗೊತ್ತಿದೆ. ಎಳೆದ ಫೋಟೋ ತಗೊಳಲ್ಲ. ಗುರುತೇ ಇಲ್ಲದ ಪರದೇಶದೋರು ನಮ್ಮ ಮುಖಕ್ಕೆ ಕೊಡೋ ಮರ್ಯಾದೆ, ನಮ್ಮ ಹಿರಿಯರಿಗೆ ನಾವು ಕೊಡಬಾರದಾ?

ಸರಿ, ಮುಖ ಸಮ ಮಾಡೋಣ. ಆಗ ಬರುತ್ತೆ ಎರಡನೇ ತಪ್ಪು. ಇದನ್ನ ಒಳ್ಳೇ ಮನಸ್ಸಿನೋರೇ ಮಾಡೋದು. ಅಜ್ಜಿ ಚಿಕ್ಕದಾಗಿದಾಳೆ, ತಾತನಷ್ಟು ದೊಡ್ಡದು ಮಾಡೋಣ ಅಂತ ಹೊರಡ್ತಾರೆ. ಗ್ರೂಪ್ ಫೋಟೋದಲ್ಲಿ ಅಜ್ಜಿ ಮುಖ ಗಲ್ಲದಿಂದ ನೆತ್ತಿಗೆ 8 ಮಿಲಿಮೀಟರ್. ಸ್ಕೇಲ್ ಇಟ್ಟು ಅಳೆದಿದೀನಿ. ಹೆಸರುಬೇಳೆ ಎರಡು ಜೋಡಿಸಿಟ್ಟ ಹಾಗೆ. ಅದನ್ನ ಆ ದೊಡ್ಡ ಫ್ರೇಮಲ್ಲಿ ಮೂರು ಇಂಚಿಗೆ ಏರಿಸಿದ್ರೆ ಒಂಬತ್ತೂವರೆ ಪಟ್ಟು. ಹಿಟ್ಟು ಅಷ್ಟೇ ಇದೆ, ದೋಸೆ ಹೆಂಚಿನ ತುಂಬಾ ಬೇಕು ಅಂದ್ರೆ ತೂತು ಬೀಳದೆ ಇನ್ನೇನಾಗುತ್ತೆ? ಮುಖ ಕರಗಿಹೋಗುತ್ತೆ. ಆಗ ಅಂಗಡಿಯೋರು ಹೇಳ್ತಾರೆ, "ಎಐ ಹಾಕಿ ಕ್ಲಿಯರ್ ಮಾಡಿಕೊಡ್ತೀವಿ".

ಅದನ್ನೂ ಮಾಡಿಸಿ ನೋಡಿದೆ. ಒಂದು ಆ್ಯಪಲ್ಲಿ ಹಾಕಿದ್ರೆ ಕ್ಷಣದಲ್ಲಿ ಫಳಫಳ ಫೋಟೋ. ರೆಪ್ಪೆ ಒಂದೊಂದೂ ಕಾಣುತ್ತೆ. ತುಟಿಗೆ ಬಣ್ಣ, ಚರ್ಮ ಬೆಣ್ಣೆ. ನಮ್ಮಜ್ಜಿ ಎಲೆ ಅಡಿಕೆ ಹಾಕ್ಕೊಂಡು, ಬಿಸಿಲಲ್ಲಿ ಹೊಲ ಕಳೆ ಕಿತ್ತೋಳು. ಆ ಮುಖ ಯಾವುದೋ ಸೀರಿಯಲ್ ಅತ್ತೇದು. ಫೋಟೋದಲ್ಲಿ ಇಲ್ಲದ್ದನ್ನ ಅದು ಎಲ್ಲಿಂದ ತಂತು? ಬೇರೆ ಎಷ್ಟೋ ಮುಖ ನೋಡಿ ಅಂದಾಜಲ್ಲಿ ತುಂಬಿಸ್ತು. ಎಳೆದ ಫೋಟೋದಲ್ಲಿ ಅಜ್ಜಿ ಸೊಟ್ಟ ಆದ್ರೂ ಅಜ್ಜೀನೇ. ಇದರಲ್ಲಿ ಅಜ್ಜಿ ಇಲ್ಲವೇ ಇಲ್ಲ. ಗೀರು, ಕಲೆ ತೆಗೆಯೋಕೆ ಬೇಕಾದ್ರೆ ಇಟ್ಟುಕೊಳ್ಳಿ. ಕಣ್ಣು ಮೂಗು ಹೊಸದಾಗಿ ಬರೆಯೋಕೆ ಬಿಡಬೇಡಿ.

ಹಾಗಾದ್ರೆ ಏನು ಮಾಡೋದು? ನಾನು ಈ ಬರಹಕ್ಕೆ ಇಟ್ಟಿರೋ ಹೆಸರೇ ಉತ್ತರ. ಅಜ್ಜೀನ ಎಳೀಬೇಡಿ, ತಾತನ್ನ ಇಳಿಸಿ. ಎಲ್ಲರಿಗಿಂತ ಚಿಕ್ಕ ಮುಖ ಯಾರದ್ದೋ ಅದು ಕೆಡದೆ ಎಷ್ಟು ದೊಡ್ಡದಾಗುತ್ತೆ ನೋಡಿ, ಮಿಕ್ಕವರನ್ನೆಲ್ಲಾ ಆ ಅಳತೆಗೆ ಇಳಿಸಿ. ದೊಡ್ಡ ಫೋಟೋ ಚಿಕ್ಕದು ಮಾಡಿದ್ರೆ ಏನೂ ಕೆಡಲ್ಲ. ಚಿಕ್ಕದನ್ನ ದೊಡ್ಡದು ಮಾಡಿದ್ರೇನೇ ಕೆಡೋದು. ದೊಡ್ಡೋರು ಒಂದು ಮೆಟ್ಟಿಲು ಇಳಿದ್ರೆ ಯಾರಿಗೂ ನಷ್ಟ ಇಲ್ಲ. ಈ ಬುದ್ಧಿ ಫೋಟೋಗಷ್ಟೇ ಅಲ್ಲ, ಇರಲಿ, ಅದು ಬೇರೆ ಬರಹ.

ಈ ವರ್ಷ ನಾನೇ ಮಾಡಿದೆ. ಮಗಳ ಲ್ಯಾಪ್‌ಟಾಪಲ್ಲಿ ಜಿಂಪ್ ಅನ್ನೋ ಸಾಫ್ಟ್‌ವೇರ್ ಇದೆ, ದುಡ್ಡಿಲ್ಲ, ಕನ್ನಡಕ ಇದ್ರೆ ಸಾಕು. ಲೆಕ್ಕ ಬರೆದಿಟ್ಟುಕೊಳ್ಳಿ, ನಿಮಗೂ ಬೇಕಾಗುತ್ತೆ.

ಮೊದಲು, ಫೋಟೋನ ಮೊಬೈಲಲ್ಲಿ ಹೊಡೀಬೇಡಿ. ಗಾಜಿಂದ ಬಿಡಿಸಿ, ಅಂಟಿಕೊಂಡಿದ್ರೆ ಬಲವಂತ ಮಾಡದೆ, ಸ್ಕ್ಯಾನರಲ್ಲಿ ಇಡಿ. ದೊಡ್ಡ ಫೋಟೋಗೆ 300 ಡಿಪಿಐ ಸಾಕು. ಗ್ರೂಪ್ ಫೋಟೋಗೆ 1200 ಇಡಿ. 8 ಮಿಲಿಮೀಟರ್ ಮುಖ 300ರಲ್ಲಿ ಬರೀ 94 ಚುಕ್ಕಿ ಎತ್ತರ ಬರುತ್ತೆ, 1200ರಲ್ಲಿ 378. ಕಾಗದದಲ್ಲೇ ಇಲ್ಲದ್ದನ್ನ ಸ್ಕ್ಯಾನರ್ ಹುಟ್ಟಿಸಲ್ಲ, ಇರೋದನ್ನ ಬಿಡದೆ ತರುತ್ತೆ ಅಷ್ಟೆ. ಕಳಿಸುವಾಗ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಬೇಡಿ, ಅದು ಹಿಂಡಿ ಕಳಿಸುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ಪ್ರಿಂಟಿಗೆ ಒಂದು ಇಂಚಿಗೆ 300 ಚುಕ್ಕಿ ಬೇಕು ಅಂತ ಲೆಕ್ಕ. ಅಜ್ಜಿಯ 378 ಚುಕ್ಕಿಗೆ ಒಂದೂಕಾಲು ಇಂಚು ಮುಖ ಬರುತ್ತೆ. ಕಾಗದದಲ್ಲಿದ್ದದ್ದಕ್ಕಿಂತ ನಾಲ್ಕು ಪಟ್ಟು. ಒಸಿ ಮಬ್ಬು, ಆದ್ರೆ ಅಜ್ಜಿ. ಅಂದ ಮೇಲೆ ಆರೂ ಜನಕ್ಕೆ ಒಂದೂಕಾಲು ಇಂಚು ಮುಖ. ಇದಕ್ಕೆ ಹನ್ನೆರಡು ಹದಿನೆಂಟರ ಫ್ರೇಮೇ ಬೇಡ. ಎಂಟು ಹನ್ನೆರಡರದ್ದು ಸಾಕು. ಒಬ್ಬೊಬ್ಬರಿಗೆ ಎರಡೂವರೆ ಇಂಚು ಅಗಲ, ಮೂರು ಇಂಚು ಎತ್ತರದ ಮನೆ, ಅಂದ್ರೆ 750ಕ್ಕೆ 900 ಚುಕ್ಕಿ. ಮಧ್ಯೆ ಹೆಸರು ಬರೆಯೋಕೂ ಜಾಗ ಉಳಿಯುತ್ತೆ.

ಎಳೆಯೋದೇ ಬೇಡ ಅಂದ್ರೆ ಕತ್ತರಿಸುವಾಗಲೇ ಸರಿ ಮಾಡಬೇಕು. ಕ್ರಾಪ್ ಮಾಡೋ ಕಡೆ ಆಕಾರ ಬೀಗ ಹಾಕೋ ಜಾಗ ಇದೆ. ಅಲ್ಲಿ 5ಕ್ಕೆ 6 ಅಂತ ಹಾಕಿ. ಆಮೇಲೆ ಮುಖ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟು ಅಗಲ, ಎರಡು ಪಾಯಿಂಟ್ ನಾಲ್ಕು ಪಟ್ಟು ಎತ್ತರ ಬರೋ ಹಾಗೆ ಚೌಕಟ್ಟು ಹಿಡಿದು ಕತ್ತರಿಸಿ. ತಾತನ ಮುಖ 1500 ಚುಕ್ಕಿ ಇತ್ತು, 3000ಕ್ಕೆ 3600 ಕತ್ತರಿಸಿದೆ. ಅಜ್ಜಿಗೆ 756ಕ್ಕೆ 907. ಆಮೇಲೆ ಎಲ್ಲಾನೂ 750ಕ್ಕೆ 900 ಮಾಡಿದೆ. ಆಕಾರ ಮೊದಲೇ ಒಂದೇ ಇದ್ದಿದ್ರಿಂದ ಯಾರ ಮೂಗೂ ಅಲುಗಾಡಲಿಲ್ಲ. ತಾತ ಕಾಲುಭಾಗಕ್ಕೆ ಇಳಿದ, ಅಜ್ಜಿ ಹೆಚ್ಚು ಕಮ್ಮಿ ಇದ್ದ ಹಾಗೇ ಇದ್ದಳು. ಮುತ್ತಾತನ ಪೇಟ ಅಳತೆಗೆ ಅಡ್ಡ ಬಂತು, ನೆತ್ತಿ ಎಲ್ಲಿದೆ ಅಂತ ಯಾರಿಗೆ ಗೊತ್ತು? ಅಂಥೋರಿಗೆ ಕಣ್ಣಿಂದ ಗಲ್ಲದವರೆಗೆ ಅಳೆದು ಎರಡರಿಂದ ಗುಣಿಸಿ. ಕಣ್ಣು ತಲೆಯ ನಡುಮಧ್ಯ ಇರುತ್ತೆ. ಆರೂ ಜನರ ಕಣ್ಣು ಒಂದೇ ಗೆರೆ ಮೇಲೆ ಬರೋ ಹಾಗೆ ಕೂರಿಸಿದ್ರೆ ಫ್ರೇಮ್ ತಾನಾಗೇ ಸಮ ಕಾಣುತ್ತೆ.

ದೊಡ್ಡಮಾವಂದು ಮಾತ್ರ ಕಷ್ಟ ಆಯ್ತು. ಪಾಸ್‌ಪೋರ್ಟ್ ಫೋಟೋದಲ್ಲಿ ಮುಖಾನೇ ತುಂಬಿರುತ್ತೆ, ಸುತ್ತ ಜಾಗವೇ ಇಲ್ಲ. ಜಾಗ ಇಲ್ಲಾಂದ್ರೆ ಎಳೀಬೇಡಿ, ಸುತ್ತ ಖಾಲಿ ಬಿಡಿ. ಅವರ ಫೋಟೋದ ಹಿಂದಿನ ಬಣ್ಣಾನೇ ತೆಗೆದು ಅಂಚು ತುಂಬಿಸಿದೆ. ರವಿಕೆ ಬಟ್ಟೆ ಸಾಲದೆ ಬಂದಾಗ ಅಂಚಿಗೆ ಪಟ್ಟಿ ಕೊಡ್ತೀವಲ್ಲ, ಅದೇ ಕೆಲಸ. ಅಜ್ಜಿ ಚೌಕಟ್ಟಲ್ಲಿ ಅಕ್ಕಪಕ್ಕದೋರ ಭುಜ ಬಂತು. ಅಳಿಸೋಣ್ವಾ ಅಂದಳು ಮಗಳು. ಬೇಡ ಅಂದೆ. ಅವಳು ಒಬ್ಬಳೇ ನಿಂತು ಫೋಟೋ ತೆಗೆಸಿಕೊಂಡೋಳಲ್ಲ, ಜನರ ಮಧ್ಯೆ ಇಕ್ಕಟ್ಟಲ್ಲಿ ನಿಂತೋಳು. ಆ ಭುಜಗಳೂ ನಿಜ.

"ಇಷ್ಟೆಲ್ಲಾ ಮಾಡೋಕೆ ಟೈಮ್ ಯಾರಿಗಿದೆ?" ಅಂತ ಕೇಳೇ ಕೇಳ್ತೀರಿ. ನನಗೆ ಒಂದು ಭಾನುವಾರ ಮಧ್ಯಾಹ್ನ ಹಿಡೀತು, ಅದೂ ಕಲಿಯೋದು ಸೇರಿ. ಕಜ್ಜಾಯದ ಪಾಕಕ್ಕೆ ಎಷ್ಟು ಹೊತ್ತು ಒಲೆ ಮುಂದೆ ನಿಂತಿರ್ತೀರಿ? ಒಂದೆಳೆ ಪಾಕವಾ ಎರಡೆಳೆಯಾ ಅಂತ ಎಷ್ಟು ಸಲ ಬೆರಳಲ್ಲಿ ಮುಟ್ಟಿ ನೋಡ್ತೀರಿ? ಎಡೆಗೆ ಅಷ್ಟು ಮಡಿ, ಅಷ್ಟು ಅಳತೆ. ಎಡೆ ಯಾರಿಗೆ ಅನ್ನೋದಕ್ಕೆ ಮಾತ್ರ ಎರಡು ನಿಮಿಷ, ಒಂದು ಹೆಬ್ಬೆರಳು. ಇದು ನ್ಯಾಯವಾ?

ನೀವು ಮಾಡೋಕಾಗಲ್ಲ ಅಂದ್ರೆ ಅಂಗಡೀಲಿ ಮಾಡಿಸಿ, ತಪ್ಪಿಲ್ಲ. ಆದ್ರೆ ಬಾಯಿಂದ ಬರೋ ಮಾತು ಬದಲಾಯಿಸಿಕೊಳ್ಳಿ. "ಎಲ್ಲಾ ಒಂದೇ ಸೈಜ್ ಮಾಡಿ" ಅನ್ನಬೇಡಿ. "ಸರಪಳಿ ಬಿಚ್ಚಬೇಡಪ್ಪಾ. ಮುಖ ಒಂದೇ ಅಳತೆ ಇರಲಿ, ಚಿಕ್ಕ ಮುಖಕ್ಕೆ ದೊಡ್ಡದನ್ನ ಇಳಿಸು, ಜಾಗ ಉಳಿದ್ರೆ ಖಾಲಿ ಬಿಡು" ಅನ್ನಿ. ಇಷ್ಟು ಹೇಳಿದ್ರೆ ಹುಡುಗನಿಗೆ ಗೊತ್ತಾಗುತ್ತೆ, ಈ ಆಂಟಿ ಹತ್ತಿರ ಆಟ ನಡೆಯಲ್ಲ ಅಂತ. ಪ್ರಿಂಟ್ ಹಾಕೋ ಮೊದಲು ಕಳಿಸೋ ಚಿತ್ರಾನ ಒಲೆ ಆರಿಸಿ, ಕೂತು ನೋಡಿ. ನೀವು ನೋಡಿದ್ರೆ ಸಾಲದು. ಆ ಮುಖ ಬದುಕಿದ್ದಾಗ ಕಂಡಿರೋರು ಮನೇಲಿ ಯಾರಿದಾರೋ ಅವರಿಗೆ ತೋರಿಸಿ. ಅವರು ಓಕೆ ಅನ್ನೋವರೆಗೂ ಓಕೆ ಅನ್ನಬೇಡಿ. ಹಾಗೆ ಕಂಡಿರೋರು ವರ್ಷಾ ವರ್ಷಾ ಕಮ್ಮಿ ಆಗ್ತಿದಾರೆ.

ಹೊಸ ಫ್ರೇಮು ಬಂದ ದಿನ ಅತ್ತೆ ಮುಂದೆ ಇಟ್ಟೆ. ಏನಂತಾರೋ ಅಂತ ಎದೆ ಡವಡವ. ಕನ್ನಡಕ ಒರೆಸಿಕೊಂಡು ನೋಡಿದ್ರು. ಚೆನ್ನಾಗಿದೆ ಅಂತ ಬಾಯಿ ಬಿಡಲಿಲ್ಲ. ಅವರು ಯಾವತ್ತೂ ಹಾಗೆ ಹೇಳೋರಲ್ಲ.

"ಮೂಗುಬೊಟ್ಟು ಎಡಗಡೆಗೆ ಹಾಕ್ತಿದ್ದಳು. ಸರಿಯಾಗಿದೆ" ಅಂದ್ರು. ಆಮೇಲೆ ಫ್ರೇಮಿನ ಕಡೆ ನೋಡ್ಕೊಂಡೇ, "ಆ ಭುಜ ಇದೆಯಲ್ಲ, ಅದು ನಮ್ಮಮ್ಮಂದು" ಅಂದ್ರು.

ಗ್ರೂಪ್ ಫೋಟೋ ಟ್ರಂಕಿಗೆ ವಾಪಸ್ ಇಡೋಕೆ ಹೋದೆ. ಬೇಡ, ಇಲ್ಲೇ ಇರಲಿ ಅಂದ್ರು.